ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳಿಗೆ ಎಲ್ಲರ ಧರ್ಮ: ಮೂರರಿಂದ ಐದನೇ ತರಗತಿಯ ಶಿಕ್ಷಕರಿಗೆ

ಮಂಗಳೂರಿನ ಮೂರನೇ ತರಗತಿಯ ಮಗುವಿಗೆ ಹಬ್ಬಗಳ ಸುದ್ದಿಗೆ ಬರವಿಲ್ಲ. ಸೆಪ್ಟೆಂಬರ್ 8ಕ್ಕೆ ಪಕ್ಕದ ಮನೆಯವರು ಇಗರ್ಜಿಯಿಂದ ತೆನೆ ತರುವುದನ್ನು ಅದು ನೋಡಿರುತ್ತದೆ. ನವರಾತ್ರಿಯಲ್ಲಿ ತಾಸೆಯ ಪೆಟ್ಟು ಕೇಳಿದೊಡನೆ ಹುಲಿವೇಷ ನೋಡಲು ಗೇಟಿಗೆ ಓಡಿರುತ್ತದೆ. ರಂಜಾನಿನಲ್ಲಿ ಜೊತೆಯವನು ಟಿಫಿನ್ ತರದ ದಿನಗಳೂ ಅದಕ್ಕೆ ಗೊತ್ತು. ಇದನ್ನೆಲ್ಲ ಯಾರು ಮಾಡುತ್ತಾರೆ, ಏಕೆ ಮಾಡುತ್ತೇವೆ ಎಂದು ಅವರು ಹೇಳುತ್ತಾರೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ಅದನ್ನು ತಿಳಿಸಲು ವಾರಕ್ಕೆ 40 ನಿಮಿಷದ ಒಂದು ಪೀರಿಯಡ್ ಸಾಕು.

ತಮ್ಮ ತಮ್ಮ ಧರ್ಮವನ್ನು ಕಲಿಸುವ ವ್ಯವಸ್ಥೆ ಮಂಗಳೂರು, ಉಡುಪಿ ಕಡೆಯ ಊರುಗಳಲ್ಲಿ ಮೊದಲಿನಿಂದಲೂ ಉಂಟು. ಇಗರ್ಜಿಗಳಲ್ಲಿ ಭಾನುವಾರದ ದೊತೊರ್ನ್ (ಮಕ್ಕಳ ಧರ್ಮೋಪದೇಶದ ತರಗತಿ), ಮದರಸಗಳಲ್ಲಿ ಶಾಲೆಗೆ ಮುಂಚಿನ ಬೆಳಗಿನ ಪಾಠ, ಭಜನಾ ಮಂದಿರಗಳಲ್ಲಿ ವಾರದ ಭಜನೆ ಆ ಕೆಲಸ ಮಾಡುತ್ತಿವೆ. ಶಾಲೆ ಅವುಗಳ ಜಾಗಕ್ಕೆ ಕೈ ಹಾಕಬಾರದು. ಇಲ್ಲಿ ಹೇಳುವುದು ಎಲ್ಲ ಮನೆಗಳ ಮಕ್ಕಳೂ ಇರುವ ತರಗತಿಯಲ್ಲಿ ಎಲ್ಲ ಧರ್ಮಗಳ ಪರಿಚಯ ಮಾಡಿಸುವ ಕ್ರಮ. ಪಾಠ ಮುಗಿದಾಗ ಯಾವ ಮಗುವಿನ ನಂಬಿಕೆಯೂ ಹೆಚ್ಚಿರಬೇಕಿಲ್ಲ, ಕಡಿಮೆಯೂ ಆಗಿರಬಾರದು.

ಮೊದಲು ಕಾನೂನು, ಆಮೇಲೆ ಪಾಲಕರ ಪತ್ರ

ಸಂವಿಧಾನದ 28ನೇ ವಿಧಿಯನ್ನು ಮುಖ್ಯೋಪಾಧ್ಯಾಯರೂ ತರಗತಿ ಶಿಕ್ಷಕರೂ ಓದಿಕೊಂಡಿರಲಿ. ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಕೂಡದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಅದು ನಡೆಯುತ್ತಿದ್ದರೂ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಕೂರಿಸುವ ಹಾಗಿಲ್ಲ. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಇದೇ ವ್ಯತ್ಯಾಸವನ್ನು. ಸರ್ಕಾರಿ ಶಾಲೆಯಾದರೆ ಪ್ರತ್ಯೇಕ ಪೀರಿಯಡ್ ಮಾಡಲು ಹೋಗಬೇಡಿ. ಪರಿಸರ ಅಧ್ಯಯನದಲ್ಲಿ ಹಬ್ಬ, ಆಹಾರ, ಕುಟುಂಬದ ಪಾಠಗಳು ಹೇಗೂ ಬರುತ್ತವೆ. ಅವುಗಳ ಜೊತೆಗೇ ಸೇರಿಸಿ.

ಕಾನೂನು ಕೇಳಲಿ, ಬಿಡಲಿ, ಪಾಲಕರಿಗೆ ಒಂದು ಪತ್ರ ಹೋಗಲೇಬೇಕು. ಜೂನ್ ಎರಡನೇ ವಾರದೊಳಗೆ, ಒಂದೇ ಪುಟದಲ್ಲಿ, ಸರಳ ಕನ್ನಡದಲ್ಲಿರಲಿ. ಅದರಲ್ಲಿ ಐದು ಸಂಗತಿ ಇರಬೇಕು: ಈ ವರ್ಷದ ವಿಷಯಗಳ ಪಟ್ಟಿ, ಭೇಟಿ ಕೊಡುವ ಸ್ಥಳಗಳ ಹೆಸರು, ಮಕ್ಕಳಿಂದ ಯಾವ ಪ್ರಾರ್ಥನೆಯನ್ನೂ ಆಚರಣೆಯನ್ನೂ ಮಾಡಿಸುವುದಿಲ್ಲ ಎಂಬ ಮಾತು, ಪ್ರಸಾದ ಮತ್ತು ತಿಂಡಿಯ ವಿಷಯದಲ್ಲಿ ಮನೆಯವರ ಸೂಚನೆ ಬರೆಯಲು ಎರಡು ಗೆರೆ ಜಾಗ, ಕೊನೆಗೆ ಸಹಿ. ‘ಮೌಲ್ಯ ಶಿಕ್ಷಣ’ ಎಂದಷ್ಟೇ ಬರೆದು ಕಳಿಸಿದರೆ ಆಗಸ್ಟಿನಲ್ಲಿ ಮಗು ಮನೆಗೆ ಹೋಗಿ ‘ಇವತ್ತು ನಮಾಜ್ ಪಾಠ’ ಎಂದಾಗ ಗಲಾಟೆಯಾಗುತ್ತದೆ. ಮೊದಲೇ ಗೊತ್ತಿದ್ದ ಪಾಲಕರು ಅಷ್ಟು ಬೇಗ ಸಿಟ್ಟಾಗುವುದಿಲ್ಲ. ಸಹಿ ಹಾಕದವರ ಮಕ್ಕಳಿಗೆ ಆ ಹೊತ್ತಿನಲ್ಲಿ ಲೈಬ್ರರಿ ಇರಲಿ. ಅವರನ್ನು ಕಾರಿಡಾರಿನಲ್ಲಿ ನಿಲ್ಲಿಸಬೇಡಿ, ಎಲ್ಲರೆದುರು ಕಾರಣ ಕೇಳಬೇಡಿ.

ಯಾರ ಮಾತು ಎಂದು ಹೇಳಿಯೇ ಮಾತಾಡುವುದು

ಇಡೀ ಪಾಠಕ್ರಮದಲ್ಲಿ ಅತಿ ಹೆಚ್ಚು ಅಭ್ಯಾಸ ಬೇಕಾದ್ದು ಶಿಕ್ಷಕರ ವಾಕ್ಯಕ್ಕೆ. ‘ಯೇಸು ಸತ್ತು ಮೂರನೇ ದಿನ ಎದ್ದು ಬಂದರು’ ಎಂದರೆ ಅದು ಬೋಧನೆ. ‘ಯೇಸು ಮೂರನೇ ದಿನ ಎದ್ದು ಬಂದರೆಂದು ಕ್ರೈಸ್ತರು ನಂಬುತ್ತಾರೆ, ಅದಕ್ಕೇ ಈಸ್ಟರ್ ಅವರಿಗೆ ದೊಡ್ಡ ಹಬ್ಬ’ ಎಂದರೆ ಅದು ಪರಿಚಯ. ‘ಕೃಷ್ಣ ಗೋವರ್ಧನ ಎತ್ತಿದ’ ಎಂಬುದಕ್ಕೂ ಇದೇ ನಿಯಮ. ಇಲ್ಲೇ ಹೆಚ್ಚಿನವರು ಎಡವುವುದು. ಪಕ್ಕದವರ ಧರ್ಮಕ್ಕೆ ‘ಅವರು ನಂಬುತ್ತಾರೆ’ ಎಂಬುದು ತಾನಾಗಿ ಬರುತ್ತದೆ. ತಮ್ಮದಕ್ಕೆ ಬಂದಾಗ ಆ ಮಾತು ಬಿಟ್ಟುಹೋಗಿ ನೇರ ಸಂಗತಿಯಾಗುತ್ತದೆ. ಮಕ್ಕಳ ಕಿವಿ ಚುರುಕು. ಟೀಚರ್ ಯಾವುದನ್ನು ನಿಜ ಎನ್ನುತ್ತಾರೆ, ಯಾವುದನ್ನು ಬರೀ ನಂಬಿಕೆ ಎನ್ನುತ್ತಾರೆ ಎಂಬುದು ಅವಕ್ಕೆ ಎರಡು ವಾರದಲ್ಲಿ ಗೊತ್ತಾಗಿಬಿಡುತ್ತದೆ.

ಆದ್ದರಿಂದ ‘ನಾವು’, ‘ನಮ್ಮಲ್ಲಿ’ ಎಂಬ ಪದಗಳನ್ನು ಈ ಪೀರಿಯಡ್ಡಿನ ಮಟ್ಟಿಗೆ ಶಾಲೆಗೆ, ಊರಿಗೆ ಮಾತ್ರ ಬಳಸಿ. ‘ಎಲ್ಲ ಮುಸ್ಲಿಮರೂ’, ‘ಎಲ್ಲ ಹಿಂದೂಗಳೂ’ ಎನ್ನುವ ಬದಲು ‘ಹೆಚ್ಚಿನವರು’, ‘ಕೆಲವರ ಮನೆಯಲ್ಲಿ’ ಎನ್ನಿ. ಇದು ಬರೀ ಮರ್ಯಾದೆಯ ಮಾತಲ್ಲ, ಸತ್ಯವೂ ಹೌದು. ಬ್ಯಾರಿ ಮಾತಾಡುವ ಮನೆಗೂ ಉರ್ದು ಮಾತಾಡುವ ಮನೆಗೂ ಹಬ್ಬದ ಅಡುಗೆ ಒಂದೇ ಇರುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನಿಂದ ಬೆಳೆದ ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಸೆಪ್ಟೆಂಬರ್ 8ರ ತೆನೆಯ ಹಬ್ಬವಾದ ಮೊಂತಿ ಫೆಸ್ತ್ ಇಲ್ಲ, ಅದು ಕಥೋಲಿಕರ ಹಬ್ಬ. ಕಟ್ಟಡ ಕೆಲಸಕ್ಕೆ ಬಂದ ಉತ್ತರ ಕರ್ನಾಟಕದ ಲಿಂಗಾಯತ ಮನೆಯ ಮಗು ಇಷ್ಟಲಿಂಗ ಪೂಜೆ ನೋಡಿ ಬೆಳೆದಿರಬಹುದು, ನಾಗಬನ ನೋಡಿರಲಿಕ್ಕಿಲ್ಲ. ದೇವರ ಗೊಡವೆಯೇ ಇಲ್ಲದ ಮನೆ, ಅಪ್ಪನದೊಂದು ಅಮ್ಮನದೊಂದು ಧರ್ಮವಿರುವ ಮನೆ ಕೂಡ ತರಗತಿಯಲ್ಲಿ ಇರುತ್ತವೆ.

ಏಕವಚನ, ಬಹುವಚನವನ್ನೂ ಮೊದಲೇ ನಿರ್ಧರಿಸಿಕೊಳ್ಳಿ. ಕೃಷ್ಣನಿಗೆ, ಗಣಪತಿಗೆ ಭಕ್ತರೇ ಸಲಿಗೆಯಿಂದ ‘ಅವನು’ ಎನ್ನುತ್ತಾರೆ. ಪ್ರವಾದಿ ಮುಹಮ್ಮದರಿಗೆ ಹಾಗೆ ಅಂದರೆ ಮುಸ್ಲಿಂ ಮಗುವಿಗೆ ನೋವಾಗುತ್ತದೆ. ನಂಬುವವರು ಹೇಗೆ ಕರೆಯುತ್ತಾರೋ ಹಾಗೆ ಕರೆಯುವುದು ಸುಲಭದ ದಾರಿ. ಏಕೆ ಹೀಗೆ ಎಂದು ಯಾವುದಾದರೂ ಮಗು ಕೇಳಿದರೆ ಇದನ್ನೇ ಹೇಳಿ.

ವರ್ಷದ ಯೋಜನೆ

ಜೂನಿನಿಂದ ಮಾರ್ಚಿನವರೆಗೆ ಲೆಕ್ಕಕ್ಕೆ 30ರಷ್ಟು ಪೀರಿಯಡ್ ಸಿಗುವಂತೆ ಕಂಡರೂ ಕೈಗೆ ಬರುವುದು ಅಷ್ಟಲ್ಲ. ಜೂನ್, ಜುಲೈಯಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಕೊಟ್ಟಾಗ ಮೊದಲು ಹೋಗುವುದೇ ಈ ಪೀರಿಯಡ್. ಡಿಸೆಂಬರಿನಲ್ಲಿ ವಾರ್ಷಿಕೋತ್ಸವದ ತಯಾರಿ ಇನ್ನಷ್ಟನ್ನು ತಿನ್ನುತ್ತದೆ. ಹತ್ತೋ ಹನ್ನೆರಡೋ ವಿಷಯ ಇಟ್ಟುಕೊಂಡು ಒಂದೊಂದಕ್ಕೆ ಎರಡು ಪೀರಿಯಡ್ ಕೊಡಿ. ‘ಹಿಂದೂ ಧರ್ಮ, ನಾಲ್ಕು ವಾರ, ಇಸ್ಲಾಂ, ನಾಲ್ಕು ವಾರ’ ಎಂದು ಹಂಚುವ ಕ್ರಮ ಪ್ರಾಥಮಿಕ ತರಗತಿಗೆ ಒಗ್ಗುವುದಿಲ್ಲ. ಎಂಟು ವರ್ಷದ ಮಗುವಿಗೆ ಧರ್ಮ ಎಂಬುದು ಒಂದು ಇಡೀ ವಸ್ತುವಾಗಿ ಕಾಣುವುದೇ ಇಲ್ಲ. ಕಾಣುವುದು ದೀಪ, ಊಟ, ಹೊಸ ಬಟ್ಟೆ, ಗಂಟೆ, ಉಪವಾಸ. ಊರಿನ ಕ್ಯಾಲೆಂಡರ್ ಹಿಡಿದು ಹೋಗುವುದೇ ವಾಸಿ.

ಅದರಲ್ಲೂ ಮೊದಲ ಪಾಠ ಕ್ಯಾಲೆಂಡರಿನದ್ದೇ ಆಗಲಿ. ಗೋಡೆಗೆ ಹನ್ನೆರಡು ತಿಂಗಳ ದೊಡ್ಡ ಹಾಳೆ ಅಂಟಿಸಿ, ಮೂರು ಬಣ್ಣದ ಬಿಂದಿ ಸ್ಟಿಕ್ಕರ್ ಇಟ್ಟುಕೊಳ್ಳಿ. ಪ್ರತಿವರ್ಷ ಅದೇ ತಾರೀಕಿಗೆ ಬರುವ ಹಬ್ಬಗಳಿಗೆ ಒಂದು ಬಣ್ಣ: ಕ್ರಿಸ್ಮಸ್ ಡಿಸೆಂಬರ್ 25, ಮೊಂತಿ ಫೆಸ್ತ್ ಸೆಪ್ಟೆಂಬರ್ 8, ಉಡುಪಿಯ ಪರ್ಯಾಯ (ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ದಿನ) ಎರಡು ವರ್ಷಕ್ಕೊಮ್ಮೆ ಸಮ ಸಂಖ್ಯೆಯ ವರ್ಷದ ಜನವರಿ 18. ಹಿಂದೆ ಮುಂದೆ ಆದರೂ ಅದೇ ಋತುವಿಗೆ ಬರುವ ನಾಗರ ಪಂಚಮಿ, ಚೌತಿ, ದೀಪಾವಳಿಗಳಿಗೆ ಎರಡನೇ ಬಣ್ಣ. ರಂಜಾನ್, ಬಕ್ರೀದ್‌ಗಳಿಗೆ ಮೂರನೆಯದು. ಇಸ್ಲಾಮೀ ವರ್ಷದಲ್ಲಿ 354 ಅಥವಾ 355 ದಿನ, ನಾವು ಶಾಲೆಯಲ್ಲಿ ಬಳಸುವ ವರ್ಷದಲ್ಲಿ 365. ಹಾಗಾಗಿ ರಂಜಾನ್ ಪ್ರತಿವರ್ಷ 10–11 ದಿನ ಮುಂಚೆ ಬರುತ್ತದೆ. ನಾಲ್ಕನೇ ತರಗತಿಯವರು 365ರಿಂದ 354 ಕಳೆದು ಇದನ್ನು ತಾವೇ ಕಂಡುಕೊಳ್ಳುತ್ತಾರೆ. ‘ಹಾಗಾದರೆ ಮಳೆಗಾಲದಲ್ಲೂ ರಂಜಾನ್ ಬರುತ್ತದಾ ಟೀಚರ್?’ ಎಂಬ ಪ್ರಶ್ನೆ ತರಗತಿಯಿಂದ ಬಂದರೆ ಪಾಠ ತಲುಪಿತು ಎಂದರ್ಥ.

ಉಡುಪಿಯ ಶಿಕ್ಷಕರಿಗೆ ಇಲ್ಲಿ ಇನ್ನೊಂದು ಸ್ವಾರಸ್ಯ ಸಿಗುತ್ತದೆ. ಕೃಷ್ಣ ಮಠದಲ್ಲಿ ಅಷ್ಟಮಿಗೆ ಸೌರಮಾನದ ಲೆಕ್ಕ, ಬೇರೆ ಬಹಳ ಕಡೆ ಚಾಂದ್ರಮಾನದ್ದು. ಕೆಲವು ವರ್ಷ ಎರಡಕ್ಕೂ ತಿಂಗಳ ಅಂತರ ಬೀಳುತ್ತದೆ. 2025ರಲ್ಲಿ ಬೇರೆಡೆ ಆಗಸ್ಟ್ ಮಧ್ಯಕ್ಕೆ ಮುಗಿದ ಅಷ್ಟಮಿ ಉಡುಪಿಗೆ ಬಂದದ್ದು ಸೆಪ್ಟೆಂಬರ್ ಮಧ್ಯಕ್ಕೆ. ಒಂದೇ ಧರ್ಮದೊಳಗೂ ಎರಡು ಲೆಕ್ಕ ಇರಬಹುದು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತುಳುವರ ಆಟಿ ತಿಂಗಳ ಅಮಾವಾಸ್ಯೆಯನ್ನು ಪಟ್ಟಿಯಲ್ಲಿ ಇಟ್ಟುಕೊಳ್ಳಿ, ಆದರೆ ಆ ದಿನ ಕುಡಿಯುವ ಹಾಲೆ ಮರದ ತೊಗಟೆಯ ಕಷಾಯವನ್ನು ಶಾಲೆಯಲ್ಲಿ ಮಾಡಿ ಕುಡಿಸಬೇಡಿ. ಕತ್ತಲೆಯಲ್ಲಿ ಕೆತ್ತಿ ತರುವ ತೊಗಟೆ ಅದು. ಹಾಲೆಯ ಬದಲು ಕಾಸರಕದಂಥ ವಿಷದ ಮರದ್ದು ಬಂದುಬಿಟ್ಟರೆ ಜೀವಕ್ಕೇ ಕುತ್ತು.

ಒಂದು ಪಾಠದ 40 ನಿಮಿಷ: ತೆನೆಯ ಉದಾಹರಣೆ

ಸೆಪ್ಟೆಂಬರ್ ಮೊದಲ ವಾರಕ್ಕೆ ಮೂರನೇ ತರಗತಿಗೆ ಹೊಂದುವ ಪಾಠ ಇದು. ಬೇಕಾದ್ದು ನಾಲ್ಕೈದು ಭತ್ತದ ತೆನೆ, ಬಾಳೆಲೆಯ ತುಂಡು, ಒಂದು ಸಣ್ಣ ಹೂಬುಟ್ಟಿ, ಹೊಸಕ್ಕಿ ಊಟದ ಒಂದು ಚಿತ್ರ.

1. ಮೊದಲ 5 ನಿಮಿಷ ಮಾತಿಲ್ಲ. ತೆನೆಯನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ. ಮುಟ್ಟಲಿ, ಮೂಸಲಿ, ಕಾಳು ಎಣಿಸಲಿ. ನಗರದ ಮಕ್ಕಳಲ್ಲಿ ಎಷ್ಟೋ ಜನ ಭತ್ತವನ್ನು ಕೈಯಲ್ಲಿ ಹಿಡಿದೇ ಇರುವುದಿಲ್ಲ.

2. ಮುಂದಿನ 8 ನಿಮಿಷ: ‘ಇದನ್ನು ಯಾರಾದರೂ ಮನೆಯಲ್ಲಿ ನೋಡಿದ್ದೀರಾ? ಎಲ್ಲಿ ಕಟ್ಟಿದ್ದರು?’ ಎಂದು ಕೇಳಿ. ಬಾಗಿಲಿಗೆ, ದೇವರ ಕೋಣೆಗೆ, ಬೈಕಿಗೆ ಎಂಬ ಉತ್ತರಗಳು ಬರುತ್ತವೆ. ಎಲ್ಲವನ್ನೂ ಹಲಗೆಯ ಮೇಲೆ ಬರೆಯಿರಿ. ಯಾರ ಮನೆ, ಯಾವ ಧರ್ಮ ಎಂದು ಪಕ್ಕದಲ್ಲಿ ಬರೆಯಬೇಡಿ.

3. 12 ನಿಮಿಷ ಹೇಳುವುದು. ಕಥೋಲಿಕರು ಸೆಪ್ಟೆಂಬರ್ 8ನ್ನು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬವಾಗಿ ಆಚರಿಸುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಹೂ ತಂದು ಮರಿಯಮ್ಮನವರ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಕೂಡಿ ತಿನ್ನುತ್ತಾರೆ. ಆ ಮಧ್ಯಾಹ್ನದ ಊಟ ಸಸ್ಯಾಹಾರ, ಬಾಳೆಲೆಯ ಮೇಲೆ. ತರಕಾರಿ ಪದಾರ್ಥಗಳು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯಲ್ಲಿ ಇರಬೇಕೆಂಬುದು ರೂಢಿ. ತುಳುನಾಡಿನ ಹಿಂದೂ ಮನೆಗಳಲ್ಲೂ ತೆನೆ ಕಟ್ಟುವುದು, ಹೊಸಕ್ಕಿ ಊಟ ಮಾಡುವುದು ಉಂಟು. ಆ ದಿನ ಮನೆಮನೆಗೆ, ದೇವಸ್ಥಾನ ದೇವಸ್ಥಾನಕ್ಕೆ ಬೇರೆಯಾಗುತ್ತದೆ.

4. 10 ನಿಮಿಷ ಪುಸ್ತಕದ ಕೆಲಸ. ಪುಟವನ್ನು ಎರಡು ಭಾಗ ಮಾಡಿ, ಒಂದೆಡೆ ‘ಎರಡೂ ಕಡೆ ಇರುವುದು’, ಇನ್ನೊಂದೆಡೆ ‘ಬೇರೆ ಇರುವುದು’. ಎರಡೂ ಕಡೆ ತಲಾ ಎರಡು ಸಾಲು.

5. ಉಳಿದ 5 ನಿಮಿಷ ಪ್ರಶ್ನೆಗಳಿಗೆ.

ಈ ಪಾಠ ಹಾಳಾಗುವುದು ಸಾಮಾನ್ಯವಾಗಿ ನಾಲ್ಕನೇ ಹಂತದಲ್ಲಿ. ‘ನೋಡಿದಿರಾ ಮಕ್ಕಳೇ, ಎಲ್ಲ ಒಂದೇ!’ ಎಂದು ಶಿಕ್ಷಕರು ಖುಷಿಯಲ್ಲಿ ಮುಗಿಸಿಬಿಡುತ್ತಾರೆ. ಒಂದೇ ಅಲ್ಲ. ಕಥೋಲಿಕರಿಗೆ ತೆನೆ ಪೂಜಿಸುವ ವಸ್ತುವಲ್ಲ, ದೇವರಿಗೆ ಕೃತಜ್ಞತೆ ಹೇಳಿ ಆಶೀರ್ವದಿಸಿದ ಬೆಳೆ. ಅವರಿಗೆ ಆ ದಿನದ ತಿರುಳು ಮರಿಯಮ್ಮನವರ ಹುಟ್ಟು. ವ್ಯತ್ಯಾಸ ಮುಚ್ಚಿಟ್ಟರೆ ಎರಡೂ ಮನೆಯ ಮಕ್ಕಳಿಗೆ ‘ಟೀಚರಿಗೆ ನಮ್ಮದು ಸರಿಯಾಗಿ ಗೊತ್ತಿಲ್ಲ’ ಎಂದು ಅನ್ನಿಸುತ್ತದೆ. ಹೋಲಿಕೆಯಷ್ಟೇ ಜಾಗ ವ್ಯತ್ಯಾಸಕ್ಕೂ ಸಿಗಲಿ.

ಪೆಟ್ಟಿಗೆಯಲ್ಲಿ ಏನೇನು

ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ವಸ್ತುಗಳನ್ನು ಕೂಡಿಡಿ. ಎಲ್ಲ ಹೊಸತಾಗಿ ಕೊಂಡದ್ದೇ ಆಗಬೇಕು. ಮಕ್ಕಳ ಮನೆಯಿಂದ ತರಿಸಬೇಡಿ. ಪೂಜೆಯಲ್ಲಿರುವ ದೀಪ, ಆಶೀರ್ವದಿಸಿದ ನೀರು ಮುಂತಾದವು ಕೈಜಾರಿ ಬಿದ್ದರೆ ಆಮೇಲೆ ಸಮಾಧಾನ ಹೇಳುವುದು ಕಷ್ಟ. ರಥಬೀದಿಯ ಅಂಗಡಿಗಳಲ್ಲಿ, ಇಗರ್ಜಿಗಳ ಪಕ್ಕದ ಮಳಿಗೆಗಳಲ್ಲಿ, ಬಂದರಿನ ಪುಸ್ತಕದಂಗಡಿಗಳಲ್ಲಿ ಬೇಕಾದ್ದೆಲ್ಲ ಸಿಗುತ್ತದೆ.

ಅದರಲ್ಲಿ ಮೂರು ಸರಗಳಿರಲಿ. ಒಂದೇ ಸಾಮಗ್ರಿಯಿಂದ ಎರಡು ಪೀರಿಯಡ್ ತುಂಬುವಷ್ಟು ಕೆಲಸ ಇವುಗಳಿಂದಾಗುತ್ತದೆ. ಜಪಮಾಲೆಯಲ್ಲಿ 108 ಮಣಿ, ನಡುವೆ ಮೇರುಮಣಿ ಬೇರೆ. ತಸ್ಬೀಹಿನಲ್ಲಿ 99, ಅಥವಾ 33ರ ಸಣ್ಣ ಸರವನ್ನು ಮೂರು ಸುತ್ತು. ಕಥೋಲಿಕರು ತೇರ್ಸ್ (ಜಪಸರದ ಪ್ರಾರ್ಥನೆ) ಹೇಳುವಾಗ ಹಿಡಿಯುವ ಸರದಲ್ಲಿ 59: ಹತ್ತತ್ತರ ಐದು ಗುಂಪು, ಬಾಲದಲ್ಲಿ ಮೂರು, ಇವುಗಳ ನಡುನಡುವೆ ಬಿಡಿಯಾಗಿ ಆರು. ತರಗತಿಯನ್ನು ಮೂರು ಗುಂಪು ಮಾಡಿ ಎಣಿಸಲು ಕೊಡಿ. ಎಣಿಕೆ ತಪ್ಪುತ್ತದೆ, ಮತ್ತೆ ಎಣಿಸುತ್ತಾರೆ. ‘ಬೆರಳಿನಲ್ಲೇ ಎಣಿಸಬಹುದಲ್ಲ, ಸರ ಯಾಕೆ?’ ಎಂದು ಕೇಳಿ. ಮನಸ್ಸು ಪ್ರಾರ್ಥನೆಯಲ್ಲಿದ್ದಾಗ ಲೆಕ್ಕವನ್ನು ಕೈಗೆ ಬಿಡಬಹುದು ಎಂಬ ಉತ್ತರವನ್ನು ಐದನೇ ತರಗತಿಯವರು ತಾವೇ ಹೇಳುತ್ತಾರೆ. ಸರವನ್ನು ಕೊರಳಿಗೆ ಹಾಕಿಕೊಂಡು ಕುಣಿಯಲು ಮಾತ್ರ ಬಿಡಬೇಡಿ. ಯಾವುದಾದರೊಂದು ಮನೆಯ ಮಗುವಿಗೆ ಅದು ತಮಾಷೆಯಾಗಿ ಕಾಣುವುದಿಲ್ಲ.

ಕುರ್‌ಆನ್ ಪ್ರತಿಯನ್ನು ಡಬ್ಬಿಯಲ್ಲಿ ಇಡಬೇಡಿ. ಅದನ್ನು ಮುಟ್ಟುವ ಮುಂಚೆ ವುಳೂ ಮಾಡುವ, ಅಂದರೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವ ಶಿಸ್ತು ಮುಸ್ಲಿಮರಲ್ಲಿದೆ; ತರಗತಿಯಲ್ಲಿ ಅದನ್ನು ಪಾಲಿಸಲಾಗದು. ಪುಸ್ತಕ ಇಡುವ ಮರದ ರೇಹಲ್ ಮತ್ತು ತೆರೆದ ಪುಟದ ಒಂದು ಚಿತ್ರ ಸಾಕು. ಬೈಬಲ್, ಭಗವದ್ಗೀತೆಗಳನ್ನು ಬಟ್ಟೆ ಹಾಸಿದ ಮೇಜಿನ ಮೇಲಿಡಿ, ನೆಲದ ಮೇಲೆ ಬೇಡ. ಪ್ರವಾದಿಯವರ ಚಿತ್ರ ಬಿಡಿಸಲು ಹೇಳುವುದು, ಬಿಡಿಸಿ ತೋರಿಸುವುದು ಎರಡೂ ಕೂಡದು. ಇಸ್ಲಾಂ ಪಾಠಕ್ಕೆ ಚಿತ್ರಕಲೆ ಬೇಕೆಂದರೆ ಚೌಕುಳಿ ಹಾಳೆ ಕೊಟ್ಟು ನಕ್ಷತ್ರ, ಷಟ್ಕೋನದ ವಿನ್ಯಾಸ ಮಾಡಿಸಿ. ಮಸೀದಿಗಳ ಗೋಡೆ, ಜಾಲಂಧ್ರಗಳಲ್ಲಿ ಅಂಥವು ಕಾಣಸಿಗುತ್ತವೆ.

ಐದು ಹೊತ್ತಿನ ನಮಾಜಿನ ಪಾಠಕ್ಕೂ ನಟನೆ ಬೇಡ, ಗಡಿಯಾರ ಬೇಕು. ಮಗ್ರಿಬ್ ಆಜಾನ್ ಸೂರ್ಯ ಮುಳುಗಿದಾಗ. ಮಂಗಳೂರಿನಲ್ಲಿ ಜೂನ್ ಕೊನೆಗೆ ಅದು ಸಂಜೆ 7ರ ಹತ್ತಿರ, ಡಿಸೆಂಬರ್ ಆರಂಭದಲ್ಲಿ 6 ಕಳೆಯುತ್ತಿದ್ದಂತೆಯೇ. ಮಕ್ಕಳು ವಾರಕ್ಕೊಮ್ಮೆ ಹೊತ್ತು ಬರೆದಿಟ್ಟರೆ ಪ್ರಾರ್ಥನೆಯ ಸಮಯ ಸೂರ್ಯನ ಜೊತೆ ಸರಿಯುವುದು ಕಣ್ಣಿಗೆ ಕಾಣುತ್ತದೆ.

ದೈವ, ಜಾತಿ: ಪುಸ್ತಕದಲ್ಲಿಲ್ಲ ಎಂದು ಬಿಡುವ ಹಾಗಿಲ್ಲ

ತುಳು ಮನೆಗಳ ಎಷ್ಟೋ ಮಕ್ಕಳಿಗೆ ದೇವಸ್ಥಾನಕ್ಕಿಂತ ಹತ್ತಿರದ್ದು ದೈವದ ಗುಡಿ, ವೀರರನ್ನು ಆರಾಧಿಸುವ ಗರಡಿ, ನಾಗಬನ. ಹಿಂದೂ ಧರ್ಮ ಎಂದು ಬರೀ ರಾಮ, ಕೃಷ್ಣರ ಕತೆ ಹೇಳಿದರೆ ಆ ಮಕ್ಕಳ ಮನೆಯೇ ಪಾಠದಿಂದ ಬಿಟ್ಟುಹೋಗುತ್ತದೆ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರ ಕತೆ, ಅದನ್ನು ಪಾಡ್ದನವಾಗಿ ಹಾಡುವ ಕ್ರಮ, ನಾಗರ ಪಂಚಮಿಗೆ ನಾಗನ ಕಲ್ಲಿಗೆ ಎಳನೀರು, ಹಾಲು, ಅಡಿಕೆಯ ಹಿಂಗಾರ ಅರ್ಪಿಸುವುದು ಇಷ್ಟನ್ನು ಹೇಳಿ. ಎರಡು ಎಚ್ಚರ ಬೇಕು. ದೈವಾರಾಧನೆಯ ಕೋಲದಲ್ಲಿ ಬೆನ್ನಿಗೆ ಕಟ್ಟುವ ಅಣಿ ಕಟ್ಟಿಸಿ, ಮುಖಕ್ಕೆ ಬಣ್ಣ ಬಳಿದು ಮಕ್ಕಳಿಂದ ವೇದಿಕೆಯಲ್ಲಿ ಕುಣಿಸಬೇಡಿ. ಅದು ಪಂಬದ, ನಲಿಕೆ, ಪರವ ಸಮುದಾಯದವರು ವ್ರತ ಹಿಡಿದು ಮಾಡುವ ಸೇವೆ, ವೇಷಸ್ಪರ್ಧೆಯ ಸರಕಲ್ಲ. ಇನ್ನೊಂದು, ದೈವದ ಮುನಿಸು, ನಾಗದೋಷ ಎಂದು ಹೆದರಿಸುವ ಕತೆಗಳನ್ನು ಎತ್ತಬೇಡಿ. ತರಗತಿಯಲ್ಲಿ ನಗುವ ಮಗುವೇ ರಾತ್ರಿ ನಿದ್ದೆಗೆಟ್ಟು ಅಮ್ಮನನ್ನು ಎಬ್ಬಿಸುವುದು.

ಜಾತಿಯ ವಿಷಯ ಚಿಕ್ಕ ಮಕ್ಕಳಿಗೆ ಬೇಡ ಎನ್ನುವವರಿದ್ದಾರೆ. ಅವು ಮನೆಯಲ್ಲಿ, ಮದುವೆಯ ಊಟದಲ್ಲಿ ಅದನ್ನು ಆಗಲೇ ನೋಡಿರುತ್ತವೆ. ಐದನೇ ತರಗತಿಗೆ ಮಂಗಳೂರಿನ ಕುದ್ರೋಳಿ ದೇವಸ್ಥಾನ ಒಳ್ಳೆಯ ಪಾಠ. ಬಿಲ್ಲವರಿಗೆ ದೇವಸ್ಥಾನಗಳ ಒಳಗೆ ಪ್ರವೇಶವಿರಲಿಲ್ಲ. ಆದ್ದರಿಂದ ಅವರು ತಮ್ಮದೇ ದೇವಸ್ಥಾನ ಕಟ್ಟಲು ಹೊರಟರು. 1912ರಲ್ಲಿ ಕೇರಳದ ನಾರಾಯಣ ಗುರುಗಳು ಬಂದು ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದರು. ಇಷ್ಟನ್ನು ಹೇಳಿ, ‘ನಿಮ್ಮನ್ನು ಒಳಗೆ ಬಿಡದಿದ್ದರೆ ನೀವು ಏನು ಮಾಡುತ್ತಿದ್ದಿರಿ?’ ಎಂದು ಕೇಳಿ ಸುಮ್ಮನಿರಿ. ಉಡುಪಿಯಲ್ಲಾದರೆ ಕನಕನ ಕಿಂಡಿಯ ಕತೆ ಇದೇ ಕೆಲಸಕ್ಕೆ ಬರುತ್ತದೆ. ಕೃಷ್ಣ ತಿರುಗಿ ದರ್ಶನ ಕೊಟ್ಟ ಎಂಬುದನ್ನು ‘ಭಕ್ತರು ಹೀಗೆ ಹೇಳುತ್ತಾರೆ’ ಎಂದೇ ಹೇಳಿ. ಕನಕದಾಸರು ಹೊರಗೇ ಯಾಕೆ ನಿಂತಿದ್ದರು ಎಂಬ ಪ್ರಶ್ನೆಯನ್ನು ಹಾರಿಸಬೇಡಿ.

ಭೇಟಿಯ ದಿನ

ವರ್ಷಕ್ಕೆ ಎರಡು ಸ್ಥಳ ಸಾಕು, ನಾಲ್ಕು ಮಾಡಲು ಹೋದರೆ ಮಕ್ಕಳಿಗೆ ನೆನಪಿರುವುದು ಬಸ್ಸು ಮಾತ್ರ. ಒಂದೇ ದಿನದಲ್ಲಿ ಎರಡು ಬೇಡ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು, ಬೆಳಿಗ್ಗೆ 9.30ಕ್ಕೆ ಹೊರಟು 12ರೊಳಗೆ ವಾಪಸ್. ಶಿಕ್ಷಕರು ಒಂದು ವಾರ ಮುಂಚೆ ಹೋಗಿ ನೋಡಿಬರಬೇಕು: ಚಪ್ಪಲಿ ಎಲ್ಲಿಡುವುದು, ಶೌಚಾಲಯ ಎಲ್ಲಿ, ಕುಡಿಯುವ ನೀರು ಉಂಟಾ, ಆ ದಿನ ಮದುವೆಯೋ ಬೊಜ್ಜವೋ (ಉತ್ತರಕ್ರಿಯೆ) ಇದೆಯಾ.

ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಚಾಪೆಲ್ ಮಕ್ಕಳಿಗೆ ಹೇಳಿ ಮಾಡಿಸಿದ ಜಾಗ. ಇಟಲಿಯ ಅಂತೋನಿಯೊ ಮೊಸ್ಕೇನಿ ಗೋಡೆ, ಚಾವಣಿಯ ಮೇಲೆಲ್ಲ ಬರೆದ ಚಿತ್ರಗಳಿವೆ, ಕತೆ ಹೇಳಲು ಪುಸ್ತಕವೇ ಬೇಡ. ಪೂಜೆಯ ಹೊತ್ತು ತಪ್ಪಿಸಿ ಹೋಗಿ. ಬಂದರಿನ ಜೀನತ್ ಬಕ್ಷ್ ಮಸೀದಿಯ ಕೆತ್ತನೆಯ ಮರದ ಕಂಬಗಳನ್ನು ತೋರಿಸಬಹುದು. ಶುಕ್ರವಾರ ಬೇಡ, ಹೆಣ್ಣುಮಕ್ಕಳು ಮತ್ತು ಶಿಕ್ಷಕಿಯರು ಎಲ್ಲಿಯವರೆಗೆ ಬರಬಹುದೆಂದು ಮೊದಲೇ ಕೇಳಿ. ಬಾಗಿಲ ಬಳಿ ನಿಂತಾಗ ಇಲ್ಲ ಎನ್ನಿಸಿಕೊಂಡರೆ ಅರ್ಧ ತರಗತಿಗೆ ಅದೇ ಪಾಠವಾಗಿ ಉಳಿಯುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರ ಕಾಲದ್ದು. ಅಲ್ಲಿಗೆ ಚರ್ಮದ ಬೆಲ್ಟು, ಪರ್ಸು ಬಿಟ್ಟು ಹೋಗಬೇಕೆಂದು ಪಾಲಕರಿಗೂ ತಿಳಿಸಿ. ಉಡುಪಿ ಮಠದೊಳಗೆ ಗಂಡಸರು ಅಂಗಿ ತೆಗೆಯುವ ನಿಯಮವಿದೆ. ನಾಚಿಕೆಪಡುವ ಹುಡುಗರನ್ನು ಒತ್ತಾಯಿಸದೆ ಹೊರಗಿನಿಂದ ಕನಕನ ಕಿಂಡಿಯಲ್ಲಿ ನೋಡಲು ಬಿಡಿ. ಒಳಗೆ ಹೋದವರು ನವಗ್ರಹ ಕಿಂಡಿಯ ಒಂಬತ್ತು ತೂತುಗಳನ್ನು ಎಣಿಸಿ ಬರಲಿ.

ಅಲ್ಲಿನ ಭಟ್ಟರೋ ಪಾದ್ರಿಗಳೋ ಖತೀಬರೋ ಮಾತಾಡುವುದಾದರೆ 10 ನಿಮಿಷ ಎಂದು ಮೊದಲೇ ಹೇಳಿ, ಮೂರು ಪ್ರಶ್ನೆ ಬರೆದುಕೊಡಿ: ಬೆಳಿಗ್ಗೆ ಎದ್ದು ಮೊದಲು ಏನು ಮಾಡುತ್ತೀರಿ, ಇಲ್ಲಿ ನಿಮಗೆ ಅತಿ ಇಷ್ಟದ ಜಾಗ ಯಾವುದು, ನೀವು ಎಂಟು ವರ್ಷದವರಿದ್ದಾಗ ಇಲ್ಲಿ ಏನು ಮಾಡುತ್ತಿದ್ದಿರಿ. ಪ್ರಶ್ನೆ ಕೊಡದೆ ಹೋದರೆ ಮುಕ್ಕಾಲು ಗಂಟೆಯ ಪ್ರವಚನ ಗ್ಯಾರಂಟಿ.

ಕುಂಕುಮ, ತೀರ್ಥ, ಪ್ರಸಾದ ಬಂದಾಗ ಏನು ಮಾಡುವುದು ಎಂಬುದನ್ನು ಹಿಂದಿನ ದಿನವೇ ಮಕ್ಕಳಿಗೆ ಹೇಳಿಕೊಡಿ. ಬೇಕಾದವರು ತೆಗೆದುಕೊಳ್ಳಬಹುದು, ಬೇಡದವರು ಕೈ ಮುಗಿದು ‘ಬೇಡ’ ಎಂದರೆ ಅದು ಅಗೌರವವಲ್ಲ. ಪೊಟ್ಟಣದಲ್ಲಿ ಕೊಟ್ಟರೆ ಶಿಕ್ಷಕರು ಚೀಲಕ್ಕೆ ಹಾಕಿಕೊಂಡು, ಪತ್ರದಲ್ಲಿ ಒಪ್ಪಿದ ಮನೆಗಳಿಗೆ ಮಾತ್ರ ಸಂಜೆ ಕೊಡಲಿ.

ಫೋಟೊ ತೆಗೆಯುವುದು ಶಾಲೆಯ ಒಂದೇ ಫೋನಿನಲ್ಲಿ, ಕಟ್ಟಡದ್ದು ಮಾತ್ರ. ಈ ಜಿಲ್ಲೆಗಳಲ್ಲಿ ಟೋಪಿ ಹಾಕಿದ, ಕುಂಕುಮ ಇಟ್ಟ, ಶಿಲುಬೆಯ ಮುಂದೆ ನಿಂತ ಮಗುವಿನ ಒಂದು ಚಿತ್ರ ಹಿಂದುಮುಂದಿಲ್ಲದೆ ವಾಟ್ಸಾಪಿಗೆ ಹೋದರೆ ಸಂಜೆಯೊಳಗೆ ಶಾಲೆಯ ಗೇಟಿನ ಮುಂದೆ ಜನ ಸೇರಬಹುದು. ತರಗತಿಯ ಗುಂಪಿಗೂ ಹಾಕಬೇಡಿ.

ಬಿಸಿ ಪ್ರಶ್ನೆಗಳು

‘ಟೀಚರ್, ಯಾವ ದೇವರು ನಿಜ?’ ಇದು ಬಂದೇ ಬರುತ್ತದೆ. ‘ಅದಕ್ಕೆ ಬೇರೆ ಬೇರೆ ಮನೆಯವರು ಬೇರೆ ಬೇರೆ ಉತ್ತರ ಹೇಳುತ್ತಾರೆ. ನಿಮ್ಮ ಮನೆಯ ಉತ್ತರವನ್ನು ಮನೆಯಲ್ಲಿ ಕೇಳಿ. ಇಲ್ಲಿ ನಾವು ಯಾರು ಏನು ಹೇಳುತ್ತಾರೆ ಎಂದು ಕಲಿಯುವುದು’ ಎಂದು ಹೇಳಿ. ‘ಟೀಚರ್, ನೀವು ಯಾವುದನ್ನು ನಂಬ್ತೀರಿ?’ ಎಂದು ಬೆನ್ನಿಗೇ ಬಂದರೆ ಮುಚ್ಚಿಡುವುದೇನೂ ಬೇಡ, ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿ.

‘ಅವರ ಮನೆಯಲ್ಲಿ ನೀರು ಕುಡಿಯಬಾರದು ಅಂತ ಅಜ್ಜಿ ಹೇಳಿದ್ದಾರೆ’ ಎಂಬ ಮಾತಿಗೆ ಅಜ್ಜಿಯನ್ನು ಬೈಯಬೇಡಿ. ‘ಕೆಲವರ ಮನೆಯಲ್ಲಿ ಹಾಗೆ ಹೇಳುತ್ತಾರೆ. ಶಾಲೆಯಲ್ಲಿ ಎಲ್ಲರಿಗೂ ಒಂದೇ ನೀರು, ಯಾರನ್ನೂ ಹಾಗೆ ಅನ್ನುವಂತಿಲ್ಲ’ ಎಂದು ಗಟ್ಟಿಯಾಗಿ ಹೇಳಿ. ಮೊದಲನೆಯದು ಮಾಹಿತಿ, ಎರಡನೆಯದು ನಿಯಮ. ಮಾಂಸದ ವಿಷಯಕ್ಕೂ ಇದೇ ದಾರಿ: ಯಾರು ಏನು ತಿನ್ನುವುದಿಲ್ಲ, ಅದಕ್ಕೆ ಅವರು ಕೊಡುವ ಕಾರಣವೇನು ಎಂದು ಹೇಳಿ, ಯಾರು ತಿನ್ನುತ್ತೀರಿ ಎಂದು ಕೈ ಎತ್ತಿಸಬೇಡಿ.

ತರಗತಿಯಲ್ಲಿ ಒಂದೇ ಒಂದು ಮುಸ್ಲಿಂ ಮಗುವೋ ಕ್ರೈಸ್ತ ಮಗುವೋ ಜೈನ ಮಗುವೋ ಇದ್ದರೆ ‘ನೀನು ಹೇಳು, ನಿಮ್ಮಲ್ಲಿ ಹೇಗೆ?’ ಎಂದು ನಿಲ್ಲಿಸಬೇಡಿ. ಅದಕ್ಕೆ ಗೊತ್ತಿಲ್ಲದಿದ್ದರೆ ಅವಮಾನ, ತಪ್ಪು ಹೇಳಿದರೆ ಮನೆಯಲ್ಲಿ ಬೈಗುಳ. ‘ಯಾರಿಗಾದರೂ ಹೇಳಬೇಕು ಅನ್ನಿಸಿದರೆ ಹೇಳಿ’ ಎಂದು ಎಲ್ಲರನ್ನೂ ನೋಡಿ ಕೇಳಿ.

ಪರೀಕ್ಷೆ, ದೂರು

ಅಂಕ ಬೇಡ. ಕೊಡಲೇಬೇಕಾದ ಶಾಲೆಯಲ್ಲಿ ಭಕ್ತಿಗಲ್ಲ, ತಿಳಿವಳಿಕೆಗೆ ಕೊಡಿ. ‘ನಿನ್ನ ಇಷ್ಟದೇವರ ಬಗ್ಗೆ ಐದು ವಾಕ್ಯ ಬರೆ’ ಎಂಬುದು ಕೆಟ್ಟ ಪ್ರಶ್ನೆ, ಅದು ಮಗುವಿನ ಮನೆಯನ್ನು ತೂಗುತ್ತದೆ. ‘ರಂಜಾನ್ ಪ್ರತಿವರ್ಷ ಬೇರೆ ತಾರೀಕಿಗೆ ಏಕೆ ಬರುತ್ತದೆ?’, ‘ಮೂರು ಸರಗಳಲ್ಲಿ ಯಾವುದಕ್ಕೆ ಎಷ್ಟು ಮಣಿ?’, ‘ಬಸದಿಗೆ ಹೋಗುವಾಗ ಬೆಲ್ಟು ಯಾಕೆ ಬಿಡುತ್ತಾರೆ?’ ಎಂಬಂಥವು ಒಳ್ಳೆಯವು. ಪ್ರತಿ ಪಾಠದ ಕೊನೆಗೆ ‘ನಾನು ನೋಡಿದ್ದು, ನಾನು ಕೇಳಿದ್ದು, ನನಗೆ ಇನ್ನೂ ಗೊತ್ತಾಗದ್ದು’ ಎಂಬ ಮೂರು ಸಾಲು ಬರೆಸಿ. ಮೂರನೇ ಸಾಲು ಖಾಲಿ ಬಿಟ್ಟ ಪುಸ್ತಕಗಳು ಹೆಚ್ಚಾದರೆ ನೀವು ತುಂಬಾ ಹೇಳಿದ್ದೀರಿ, ಮಕ್ಕಳಿಗೆ ಕೇಳಲು ಬಿಟ್ಟಿಲ್ಲ.

ಎಷ್ಟು ಎಚ್ಚರ ವಹಿಸಿದರೂ ವರ್ಷಕ್ಕೆ ಒಂದೆರಡು ದೂರು ಬರುತ್ತವೆ. ಫೋನಿನಲ್ಲಿ ವಾದಕ್ಕಿಳಿಯದೆ ಅದೇ ದಿನ ಅಥವಾ ಮರುದಿನ ಪಾಲಕರನ್ನು ಕರೆಯಿರಿ, ಮುಖ್ಯೋಪಾಧ್ಯಾಯರೂ ಕೂರಲಿ. ಆ ದಿನದ ಪಾಠದ ಟಿಪ್ಪಣಿ, ಮಗುವಿನ ಪುಸ್ತಕ, ಜೂನಿನಲ್ಲಿ ಸಹಿಯಾದ ಪತ್ರ ಮೂರನ್ನೂ ಮೇಜಿನ ಮೇಲಿಟ್ಟು ಮೊದಲು ಅವರ ಮಾತು ಪೂರ್ತಿ ಕೇಳಿ. ಸಂಗತಿಯಲ್ಲಿ ತಪ್ಪಾಗಿದ್ದರೆ ಮುಂದಿನ ಪೀರಿಯಡ್ಡಿನಲ್ಲಿ ತರಗತಿಗೇ ತಿದ್ದಿ ಹೇಳಿ. ಪಾಲಕರಿಗೆ ಮಾತ್ರ ತಿದ್ದಿದರೆ ಉಳಿದ ಮಕ್ಕಳ ಪುಸ್ತಕದಲ್ಲಿ ತಪ್ಪೇ ಉಳಿಯುತ್ತದೆ. ತಪ್ಪಿಲ್ಲದೆಯೂ ಬೇಡವೆಂದರೆ ಆ ಮಗುವಿಗೆ ಮುಂದಿನ ವಾರದಿಂದ ಲೈಬ್ರರಿ. ದೂರು ಕೊಟ್ಟವರು ಯಾರೆಂದು ತರಗತಿಯಲ್ಲಾಗಲಿ ಸ್ಟಾಫ್ ರೂಮಿನಲ್ಲಾಗಲಿ ಬಾಯಿಬಿಡಬೇಡಿ, ದಿನಾಂಕ ಹಾಕಿ ನಾಲ್ಕು ಸಾಲು ಬರೆದು ಫೈಲಿಗೆ ಸೇರಿಸಿ.